ಆಕಾಶಕ್ಕೆ ಟಿಕೆಟ್ಟು

ನಮ್ಮ ಕಡೆ ಯಕ್ಷಗಾನದ ಆಟ ನೋಡುವುದಕ್ಕೆ ಎರಡು ದಾರಿ. ಕಟೀಲು ಮೇಳದ್ದೋ ಮಂದಾರ್ತಿ ಮೇಳದ್ದೋ ಹರಕೆಯಾಟವಾದರೆ ಯಾರು ಬೇಕಾದರೂ ಹೋಗಿ ಬಯಲಿನಲ್ಲಿ ಕೂರಬಹುದು, ಖರ್ಚು ಆಡಿಸಿದ ಮನೆಯವರದ್ದು. ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳದ ಆಟವಾದರೆ ಗೇಟಿನಲ್ಲಿ ಟಿಕೆಟ್ಟು ಹರಿಸಿಕೊಂಡೇ ಒಳಗೆ ಹೋಗಬೇಕು. ಮಳೆ ಇಲ್ಲದ ತಿಂಗಳಲ್ಲಿ, ಬಿಸಿಲಿಲ್ಲದ ರಾತ್ರಿಯಲ್ಲಿ ಆಡುವ ಆಟಕ್ಕೆ ಅಷ್ಟು ದೊಡ್ಡ ಡೇರೆ ಯಾಕೆ ಎಂದು ಕೇಳಿದರೆ ಉತ್ತರ ಸರಳ: ಅದನ್ನು ಕಟ್ಟಿರುವುದು ಹೊರಗೆ ನಿಂತವನ ಕಣ್ಣಿಗೆ. ಚೆಂಡೆಯ ಸದ್ದು ಗದ್ದೆ ದಾಟಿ ಹೋಗುತ್ತದೆ, ಭಾಗವತರ ಪದವೂ ಅಷ್ಟಿಷ್ಟು ಕೇಳಿಸುತ್ತದೆ. ವೇಷ ಮಾತ್ರ ದುಡ್ಡು ಕೊಟ್ಟವನಿಗೆ. ಬೆಳ್ಮಣ್ಣಿನ ಈ ಸಭೆಯಲ್ಲಿ ವಿಮಾನದ ಕುರಿತು ಮಾತಾಡಬೇಕಾದವನು ಮೇಳದಿಂದ ಶುರು ಮಾಡಿದ್ದು ವಿಚಿತ್ರ ಎನಿಸಬಹುದು. ಆದರೆ ಸುಮಾರು 1909ರಿಂದ 1926ರವರೆಗೆ ಲೋಕದ ಹಲವು ಕಡೆ ಜನರನ್ನು ಸೇರಿಸಿ ವಿಮಾನ ಹಾರಿಸಿ ತೋರಿಸಿದವರ ಬದುಕನ್ನೂ ಸಾವನ್ನೂ ಅರ್ಥ ಮಾಡಿಕೊಳ್ಳಲು ಈ ಡೇರೆಯ ಲೆಕ್ಕಕ್ಕಿಂತ ಒಳ್ಳೆಯ ಕೀಲಿಕೈ ನನಗೆ ಸಿಕ್ಕಿಲ್ಲ. ಅವರ ಆಟ ನಡೆಯುತ್ತಿದ್ದುದು ಆಕಾಶದಲ್ಲಿ. ಆಕಾಶಕ್ಕೆ ಡೇರೆ ಕಟ್ಟಲು ಬರುವುದಿಲ್ಲ. ಮೈದಾನಕ್ಕೆ ಬೇಲಿ ಹಾಕಿ ಟಿಕೆಟ್ಟು ಮಾರಬಹುದು, ವಿಮಾನ ಐವತ್ತು ಅಡಿ ಮೇಲೇರಿತೆಂದರೆ ಬೇಲಿಯ ಹೊರಗಿನ ಮರದ ಮೇಲೆ ಕೂತವನಿಗೂ ಅದೇ ನೋಟ. ಹಾಗಾದರೆ ಒಳಗೆ ಕೂತವನು ದುಡ್ಡು ಕೊಟ್ಟು ಕೊಂಡದ್ದೇನು? ಈ ಪ್ರಶ್ನೆಗೆ ಆಟ ಆಡಿಸುವವರು ಕಂಡುಕೊಂಡ ಉತ್ತರವೇ ಆ ಪೈಲಟರ ಸಾಹಸದ ಅಳತೆಯನ್ನು ನಿರ್ಧರಿಸಿತು ಎಂಬುದು ನನ್ನ ವಾದ. ಅವರ ಗುಂಡಿಗೆಯನ್ನು ಹೊಗಳುವ ಬರಹ ಬೇಕಾದಷ್ಟಿದೆ. ನಾನು ಬೇಲಿಯನ್ನು ನೋಡುತ್ತೇನೆ.

ಮೊದಲು ನಮ್ಮ ನೆಲಕ್ಕೆ ಬಂದ ಆಟ ಯಾವುದು ಎಂದು ನೋಡೋಣ. 1910ರ ಡಿಸೆಂಬರಿನಲ್ಲಿ ಬೆಲ್ಜಿಯಂ ದೇಶದ ಇಬ್ಬರು, ಬ್ಯಾರನ್ ಪಿಯರ್ ದ ಕ್ಯಾಟರ್ಸ್ ಮತ್ತು ಜೂಲ್ಸ್ ಟೈಕ್, ವಿಮಾನಗಳನ್ನು ಹಡಗಿನಲ್ಲಿ ಹೇರಿಕೊಂಡು ಕಲ್ಕತ್ತೆಗೆ ಬಂದಿಳಿದರು. ಅಲ್ಲಿಯ ಟಾಲಿಗಂಜ್ ಕ್ಲಬ್ಬಿನ ಮೈದಾನದಲ್ಲಿ ಹಾರಾಟ ನಡೆಯಿತು. ಕೇಶವಚಂದ್ರ ಸೇನರ ಸೊಸೆ ಮೃಣಾಲಿನಿ ಸೇನ್ ಬ್ಯಾರನ್ನನ ಜೊತೆ ವಿಮಾನ ಹತ್ತಿದ್ದು ಆಗಲೇ. ವಿಮಾನದಲ್ಲಿ ಹಾರಿದ ಮೊದಲ ಭಾರತೀಯ ಮಹಿಳೆ ಎಂದು ಅವರನ್ನು ಹೆಸರಿಸುತ್ತಾರೆ. ಅದೇ ಚಳಿಗಾಲದಲ್ಲಿ ಅಲಹಾಬಾದಿನ ದೊಡ್ಡ ಪ್ರದರ್ಶನಕ್ಕೆ ವಾಲ್ಟರ್ ವಿಂಡಮ್ ಎಂಬ ಇಂಗ್ಲಿಷ್ ಸಾಹಸಿ ಇನ್ನೊಂದು ತಂಡ ತಂದಿದ್ದ. 1911ರ ಫೆಬ್ರವರಿ 18ರಂದು ಆ ತಂಡದ ಫ್ರೆಂಚ್ ಪೈಲಟ್ ಆನ್ರಿ ಪೆಕೆ, ಆಗ 23ರ ಹರೆಯದವ, ಸುಮಾರು 6,500 ಕಾಗದಗಳ ಚೀಲ ಹೊತ್ತು ಯಮುನೆ ದಾಟಿ ನೈನಿಗೆ ಹಾರಿದ. ಲೋಕದ ಮೊದಲ ಅಧಿಕೃತ ವಿಮಾನ ಅಂಚೆ ಅದೇ. ಒಂದು ಹಾಸ್ಟೆಲಿಗೆ ಹಣ ಕೂಡಿಸಿಕೊಡಿ ಎಂದು ಊರಿನ ಪಾದ್ರಿ ಕೇಳಿದ್ದರಿಂದ ಕಾಗದಕ್ಕೆ ಆರಾಣೆ ಹೆಚ್ಚುವರಿ ದರ ಇಟ್ಟು ಈ ಏರ್ಪಾಟು ಮಾಡಿದ್ದರು. ಅಂಚೆಯ ಚರಿತ್ರೆಯಲ್ಲಿ ಇಷ್ಟು ದೊಡ್ಡ ಹೆಸರು ಮಾಡಿದ ಘಟನೆ ಮೂಲದಲ್ಲಿ ಒಂದು ಮೇಳದ ಸಹಾಯಾರ್ಥ ಪ್ರದರ್ಶನ ಎಂಬುದನ್ನು ನೆನಪಿಡಬೇಕು. ಅದೇ ಫೆಬ್ರವರಿಯ ಆರಂಭದಲ್ಲಿ ಟೈಕ್ ಬೆಂಗಳೂರಿಗೆ ಬಂದು ಹಾರಿದ. ಊರಿಗೆ ವಿದ್ಯುತ್ ದೀಪ ಬಂದು ಆರು ವರ್ಷವೂ ಆಗಿರಲಿಲ್ಲ. ತಾತಾ ಅವರ ವಿಜ್ಞಾನ ಸಂಸ್ಥೆಗೆ ಮೊದಲ ವಿದ್ಯಾರ್ಥಿಗಳು ಸೇರಲು ಇನ್ನೂ ಕೆಲವು ತಿಂಗಳಿತ್ತು. ಮೈಸೂರು ಸಂಸ್ಥಾನದ ಜನ ಎತ್ತಿನ ಗಾಡಿಯಿಂದ ಇಳಿದು ವಿಮಾನ ನೋಡಿದರು ಎಂದರೆ ಅದು ಅಲಂಕಾರದ ಮಾತಲ್ಲ.

ಅವರು ನೋಡಿದ ವಸ್ತು ಎಂಥದು ಎಂದು ಸ್ವಲ್ಪ ಹತ್ತಿರ ಹೋಗಿ ನೋಡಬೇಕು, ಏಕೆಂದರೆ ವಾದದ ಅರ್ಧ ಭಾಗ ಆ ಯಂತ್ರದಲ್ಲೇ ಇದೆ. ಆ ಕಾಲದಲ್ಲಿ ಹೆಚ್ಚು ಹೆಸರಾಗಿದ್ದದ್ದು ಬ್ಲೆರಿಯೋ ಮಾದರಿ, 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆ ದಾಟಿದ್ದು. ರೆಕ್ಕೆಯ ತುದಿಯಿಂದ ತುದಿಗೆ ಎಂಟು ಮೀಟರಿಗೂ ಸ್ವಲ್ಪ ಕಡಿಮೆ. ಖಾಲಿ ವಿಮಾನದ ತೂಕ ಸುಮಾರು 230 ಕಿಲೋ, ನಮ್ಮ ಕಂಬಳದ ಒಂದು ಕೋಣಕ್ಕಿಂತ ಎಷ್ಟೋ ಹಗುರ. ಮರದ ಚೌಕಟ್ಟು, ಬಿಗಿದ ತಂತಿ, ರೆಕ್ಕೆಗೆ ಬಟ್ಟೆ. ಹಿಂಭಾಗದ ಒಡಲಿಗೆ ಬಟ್ಟೆಯೂ ಇಲ್ಲ, ಕಟ್ಟಿಗೆಯ ಅಟ್ಟಣೆ ಹಾಗೇ ಕಾಣುತ್ತದೆ. ಎಡಕ್ಕೆ ಬಲಕ್ಕೆ ವಾಲಿಸಲು ಈಗಿನಂತೆ ರೆಕ್ಕೆಯ ಅಂಚಿನಲ್ಲಿ ಬಾಗಿಲುಗಳಿರಲಿಲ್ಲ, ತಂತಿ ಎಳೆದು ಇಡೀ ರೆಕ್ಕೆಯನ್ನೇ ತಿರುಚಬೇಕು. ಇಂಥ ವಿಮಾನಗಳಿಗೆ ಬಹಳ ಮಂದಿ ಹಾಕುತ್ತಿದ್ದ ನೋಮ್ ಎಂಜಿನ್ನಿನದು ಇನ್ನೂ ವಿಚಿತ್ರ ಕಥೆ. ಅದರಲ್ಲಿ ದಂಡ ನಿಂತಿರುತ್ತದೆ, ಏಳೂ ಸಿಲಿಂಡರುಗಳು ಪ್ರೊಪೆಲ್ಲರಿನ ಜೊತೆ ಗರಗರ ಸುತ್ತುತ್ತವೆ. ಗಾಳಿಯಲ್ಲೇ ತಣ್ಣಗಾಗಲಿ ಎಂದು ಮಾಡಿದ ಉಪಾಯ. ವೇಗ ಹೆಚ್ಚು ಕಡಿಮೆ ಮಾಡಲು ಸರಿಯಾದ ಹಿಡಿಕೆ ಇಲ್ಲ, ಕೆಳಗಿಳಿಯುವಾಗ ಪೈಲಟ್ ಒಂದು ಗುಂಡಿ ಒತ್ತಿ ಕಿಡಿ ಕಡಿದು, ಬಿಟ್ಟು, ಮತ್ತೆ ಕಡಿದು ಸಂಭಾಳಿಸಬೇಕು. ಪೆಟ್ರೋಲಿನಲ್ಲಿ ಕರಗದ ಎಣ್ಣೆ ಬೇಕೆಂದು ಅದಕ್ಕೆ ಹಾಕುತ್ತಿದ್ದದ್ದು ಹರಳೆಣ್ಣೆ. ಒಳಗೆ ಹೋದ ಎಣ್ಣೆ ತಿರುಗಿ ತೊಟ್ಟಿಗೆ ಬರುವುದಿಲ್ಲ, ಹೊಗೆಯ ಜೊತೆ ಹನಿಹನಿಯಾಗಿ ಹಿಂದಕ್ಕೆ ಸಿಡಿದು ಕೂತವನ ಕನ್ನಡಕ, ಮೀಸೆ, ಕೋಟು ಎಲ್ಲದಕ್ಕೂ ಮೆತ್ತುತ್ತದೆ. ಮೂಗು ಬಾಯಿಯಿಂದ ಒಳಗೂ ಹೋಗುತ್ತದೆ. ಹರಳೆಣ್ಣೆ ಹೊಟ್ಟೆಗೆ ಹೋದರೆ ಏನಾಗುತ್ತದೆ ಎಂದು ನಮ್ಮಲ್ಲಿ ಯಾವ ಅಜ್ಜಿಯನ್ನೂ ಕೇಳಬೇಕಾಗಿಲ್ಲ. ಕುಮಾರವ್ಯಾಸನ ವೀರರಿಗೆ ಇಲ್ಲದ ಈ ಒಂದು ಕಷ್ಟ ವಿಮಾನದ ವೀರರಿಗಿತ್ತು.

ಇಂಥ ಯಂತ್ರಕ್ಕೆ ದೊಡ್ಡ ವೈರಿ ಗಾಳಿ. ಬೆಳಗಿನ ಅಥವಾ ಸಂಜೆಯ ಗಾಳಿಯಿಲ್ಲದ ಗಳಿಗೆ ಕಾಯಬೇಕು. ಮಧ್ಯಾಹ್ನ ಎರಡಕ್ಕೆ ಎಂದು ಜಾಹೀರಾತು ಹೊಡೆಸಿದ ಕಂತ್ರಾಟುದಾರನಿಗೆ, ಹನ್ನೊಂದಕ್ಕೇ ಬಂದು ಕೂತ ಜನಕ್ಕೆ, ಗಾಳಿಯ ಲೆಕ್ಕ ಯಾಕೆ? ಇಲ್ಲಿಂದ ಸಂಬಳದ ಮಾತಿಗೆ ಬರುತ್ತೇನೆ. 1910ರಲ್ಲಿ ರೈಟ್ ಸಹೋದರರು ಅಮೆರಿಕದಲ್ಲಿ ಒಂದು ಪ್ರದರ್ಶನ ತಂಡ ಕಟ್ಟಿದರು. ಒಂದು ವಿಮಾನ ಹಾರಿದ ದಿನಕ್ಕೆ ಕಂಪನಿ ಊರಿನವರಿಂದ ಪಡೆಯುತ್ತಿದ್ದದ್ದು 1,000 ಡಾಲರ್. ಹಾರಿಸಿದವನಿಗೆ ವಾರಕ್ಕೆ 20 ಡಾಲರ್ ಸಂಬಳ, ಹಾರಿದ ದಿನಕ್ಕೆ 50 ಡಾಲರ್ ಭತ್ಯೆ. 'ಹಾರಿದ ದಿನಕ್ಕೆ' ಎಂಬ ಎರಡು ಪದವನ್ನು ಗಮನಿಸಬೇಕು. ಗಾಳಿ ಎದ್ದಿತು, ಇವತ್ತು ಬೇಡ ಎಂದವನಿಗೆ 50 ಡಾಲರ್ ಇಲ್ಲ. ವಾರದ ಸಂಬಳದ ಎರಡೂವರೆ ಪಟ್ಟು ಹಣ ಒಂದು ಮಧ್ಯಾಹ್ನದ ಗಾಳಿಯ ಮೇಲೆ ನಿಂತಿದೆ. ಅಣ್ಣತಮ್ಮಂದಿರು ಪಾದ್ರಿಯ ಮಕ್ಕಳು, ಸಭ್ಯರು. ಕುಡಿಯಬಾರದು, ಜೂಜಾಡಬಾರದು, ಭಾನುವಾರ ಹಾರಬಾರದು ಎಂದು ನಿಯಮ ಮಾಡಿದ್ದರು. ಅಷ್ಟೇ ಅಲ್ಲ, ಕಸರತ್ತು ಬೇಡ, ಸುಮ್ಮನೆ ಹಾರಿ ಇಳಿಯಿರಿ ಎಂದು ತಮ್ಮ ಇಬ್ಬರು ಹೆಸರಾಂತ ಪೈಲಟರಿಗೆ ತಾಕೀತೂ ಮಾಡಿದ್ದರು. ಆ ಇಬ್ಬರು ರಾಲ್ಫ್ ಜಾನ್‌ಸ್ಟನ್ ಮತ್ತು ಆರ್ಚ್ ಹಾಕ್ಸಿ. ಜಾನ್‌ಸ್ಟನ್ ಮೊದಲು ಸೈಕಲ್ ಕಸರತ್ತಿನವ, ಅಂದರೆ ಜನ ಯಾವಾಗ ಚಪ್ಪಾಳೆ ಹೊಡೆಯುತ್ತಾರೆಂದು ವಿಮಾನ ಕಲಿಯುವುದಕ್ಕೆ ಮುಂಚೆಯೇ ಬಲ್ಲವ. ಒಡೆಯರ ತಾಕೀತನ್ನು ಮೈದಾನ ಕೇಳಲಿಲ್ಲ. 1910ರ ನವೆಂಬರ್ 17ರಂದು ಡೆನ್ವರಿನಲ್ಲಿ ಸುರುಳಿಯಾಗಿ ಇಳಿಯುವಾಗ ರೆಕ್ಕೆ ಮುರಿದು ಜಾನ್‌ಸ್ಟನ್ ಸತ್ತ. ಜನ ಬೇಲಿ ಮುರಿದು ಒಳಗೆ ನುಗ್ಗಿ, ವಿಮಾನದ ಚೂರುಗಳನ್ನೂ ಅವನ ಕೈಗವಸನ್ನೂ ನೆನಪಿಗೆಂದು ಕಿತ್ತುಕೊಂಡು ಹೋದರು ಎಂದು ಆಗಿನ ಪತ್ರಿಕೆಗಳು ವರದಿ ಮಾಡಿವೆ. ಇಷ್ಟು ದಿನ ಬೇಲಿಯ ಒಳಗಿನ ಜಾಗಕ್ಕೆ ದುಡ್ಡು ಕೊಟ್ಟವರು ಏನನ್ನು ಕೊಂಡಿದ್ದರು ಎಂಬ ಪ್ರಶ್ನೆಗೆ ಅಂದು ಒಂದು ಉತ್ತರ ಸಿಕ್ಕಿತು. ಮೇಲಿನ ಹಾರಾಟ ಎಲ್ಲರಿಗೂ ಪುಕ್ಕಟೆ. ಹತ್ತಿರದಿಂದ ಕಾಣುವುದು ನೆಲದ ಮೇಲೆ ಆಗುವಂಥದ್ದು ಮಾತ್ರ: ಏರುವುದು, ಇಳಿಯುವುದು, ಬೀಳುವುದು.

ಆ ವರ್ಷದ ಕೊನೆಯ ದಿನ, 1910ರ ಡಿಸೆಂಬರ್ 31, ಹಾಕ್ಸಿ ಲಾಸ್ ಏಂಜಲಿಸ್‌ನಲ್ಲಿ ಸತ್ತ. ಅವನು ಎತ್ತರದ ದಾಖಲೆ ಮಾಡಿ ಒಂದು ವಾರವೂ ಆಗಿರಲಿಲ್ಲ, ತನ್ನ ದಾಖಲೆಯನ್ನು ತಾನೇ ಮುರಿಯಲು ಹೊರಟಿದ್ದ. ಅದೇ ದಿನ ನ್ಯೂ ಆರ್ಲಿಯನ್ಸ್ ಬಳಿ ಜಾನ್ ಮೊಯ್ಸಾಂಟ್ ಎಂಬ ಇನ್ನೊಬ್ಬ ದೊಡ್ಡ ಹೆಸರಿನವನು ಇಳಿಯುವಾಗ ಸೀಟಿನಿಂದ ಎಸೆಯಲ್ಪಟ್ಟು ಸತ್ತ. ಇಬ್ಬರೂ ಒಂದೇ ದಿನ ಸತ್ತದ್ದನ್ನು ವಿಧಿಯಾಟ ಎಂದು ಬರೆದವರಿದ್ದಾರೆ. ಮೊಯ್ಸಾಂಟನ ಮಟ್ಟಿಗೆ ವಿಧಿಗಿಂತ ಕ್ಯಾಲೆಂಡರಿನ ಕೈ ಹೆಚ್ಚು ಕಾಣುತ್ತದೆ. ವರ್ಷದೊಳಗೆ ಅತಿ ದೀರ್ಘ ಹಾರಾಟ ಮಾಡಿದವನಿಗೆ ಮಿಷೆಲಿನ್ ಬಹುಮಾನವಿತ್ತು, ಅದರ ಗಡುವು ಅಂದು ಮುಗಿಯುವುದಿತ್ತು. ಆ ಪ್ರಯತ್ನದ ಸಿದ್ಧತೆಗೇ ಅವನು ಅಂದು ಬೆಳಿಗ್ಗೆ ಏರಿದ್ದು. ಗಡುವು ಜನವರಿ 31ಕ್ಕಿದ್ದರೆ ಅವನು ಬದುಕುತ್ತಿದ್ದನೇ ಎಂದು ಹೇಳಲಾರೆ. ಆ ಬೆಳಿಗ್ಗೆ ಏರಲೇಬೇಕು ಎಂಬ ಒತ್ತಡ ಎಲ್ಲಿಂದ ಬಂತು ಎಂದು ಮಾತ್ರ ಹೇಳಬಹುದು.

ಇಲ್ಲೊಂದು ಆಕ್ಷೇಪಣೆ ಸಹಜವಾಗಿ ಏಳುತ್ತದೆ. ಇವರೆಲ್ಲ ಕೂಲಿಗಾಗಿ ಮೇಲೇರಿದವರೇ? ಅಪಾಯವನ್ನು ಪ್ರೀತಿಸುವ ಮನುಷ್ಯರು ಎಲ್ಲ ಕಾಲದಲ್ಲೂ ಇದ್ದಾರೆ, ಅವರನ್ನು ದಿನಗೂಲಿಯ ಲೆಕ್ಕಕ್ಕೆ ಇಳಿಸುವುದು ಅವರ ಧೈರ್ಯಕ್ಕೆ ಮಾಡುವ ಅವಮಾನವಲ್ಲವೇ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ಬ್ಯಾರನ್ ದ ಕ್ಯಾಟರ್ಸನಿಗೆ ಹಾರಿ ಅನ್ನ ಸಂಪಾದಿಸುವ ದರ್ದು ಇರಲಿಲ್ಲ. ಸಿರಿವಂತ, ವಿಮಾನಕ್ಕೆ ಮೊದಲು ರೇಸ್ ಕಾರು ಓಡಿಸಿದವ, ಬೆಲ್ಜಿಯಂನ ಒಂದನೇ ನಂಬರಿನ ಪೈಲಟ್ ಪರವಾನಗಿ ಅವನದ್ದು. ಅಪಾಯದ ರುಚಿ ಅವನಿಗೂ ಇತ್ತು. ಆದರೆ ಅವನ ಬದುಕೇ ನನ್ನ ವಾದಕ್ಕೆ ಸಾಕ್ಷಿ ಹೇಳುತ್ತದೆ: ಗಾಳಿ ಸರಿಯಿಲ್ಲ, ಇವತ್ತು ಹಾರುವುದಿಲ್ಲ ಎನ್ನುವ ಅನುಕೂಲ ಬ್ಯಾರನ್ನನಿಗಿತ್ತು. ಅವನು ತೀರಿಕೊಂಡದ್ದು 1944ರಲ್ಲಿ. ಸ್ವಭಾವ ಎನ್ನುವುದು ಒಬ್ಬ ಮೇಲೇರಿದ್ದು ಯಾಕೆ ಎಂದು ಹೇಳೀತು. ಇವತ್ತು ನೂರು ಅಡಿಯಲ್ಲಿ ತಿರುಗಿದವ ನಾಳೆ ಐವತ್ತರಲ್ಲಿ, ನಾಡಿದ್ದು ಇಪ್ಪತ್ತರಲ್ಲಿ ಯಾಕೆ ತಿರುಗುತ್ತಾನೆ ಎಂದು ಹೇಳಲು ಅದು ಸಾಲದು. ಧೈರ್ಯ ಒಬ್ಬನಲ್ಲಿ ಇದ್ದಷ್ಟೇ ಇರುತ್ತದೆ, ದಿನದಿನಕ್ಕೆ ಏರುವುದು ಅದಕ್ಕೆ ಕಟ್ಟುವ ಬೆಲೆ.

ಈ ಏರಿಕೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಲಿಂಕನ್ ಬೀಚಿ. 1911ರ ಜೂನ್ 27ರಂದು ಅವನು ನಯಾಗರಾ ಜಲಪಾತದ ಮೇಲಿಂದ ಕಮರಿಗೆ ಧುಮುಕಿ, ನೀರ ಹನಿಯೊಳಗೆ ಹಾದು, ಸೇತುವೆಯ ಕೆಳಗಿನಿಂದ ನುಸುಳಿ ಹೊರಬಂದ. ಅವನನ್ನು ಅನುಕರಿಸಲು ಹೋಗಿ ಹಲವರು ಸತ್ತರು. ಜನ ಬರುವುದು ನಾನು ಸಾಯುವುದನ್ನು ನೋಡಲು ಎಂಬ ಅರ್ಥದ ಮಾತಾಡಿ 1913ರ ಮೇ ತಿಂಗಳಿನಲ್ಲಿ ಅವನು ಆಟ ಬಿಟ್ಟ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಅಡಾಲ್ಫ್ ಪೆಗೂ ಆಕಾಶದಲ್ಲಿ ಲಾಗ ಹಾಕಿ ತೋರಿಸಿದ ಸುದ್ದಿ ಬಂತು. ಬೀಚಿಗೆ ತಡೆಯಲಾಗಲಿಲ್ಲ. ಅಕ್ಟೋಬರ್ 7ರಂದು ಲಾಗಕ್ಕೆಂದೇ ಕಟ್ಟಿಸಿದ ಹೊಸ ವಿಮಾನವನ್ನು ಹ್ಯಾಮಂಡ್ಸ್‌ಪೋರ್ಟಿನಲ್ಲಿ ಪರೀಕ್ಷಿಸುವಾಗ ಅದು ತಗ್ಗಿ ಬಂದು, ಕೊಟ್ಟಿಗೆಯ ಮಾಡಿನ ಮೇಲೆ ಹತ್ತಿ ಕೂತು ನೋಡುತ್ತಿದ್ದವರನ್ನು ಗುಡಿಸಿ ಹಾಕಿತು. ಒಬ್ಬ ತರುಣಿ ಸತ್ತಳು. ಟಿಕೆಟ್ಟಿಲ್ಲದೆ ಎತ್ತರದಿಂದ ನೋಡುವ ಜಾಗವೂ ಸುರಕ್ಷಿತವಲ್ಲ ಎಂದು ಅಂದು ಗೊತ್ತಾಯಿತು. ಬೀಚಿ ಆಮೇಲೂ ನಿಲ್ಲಿಸಲಿಲ್ಲ. 1915ರ ಮಾರ್ಚ್ 14ರಂದು ಸ್ಯಾನ್ ಫ್ರಾನ್ಸಿಸ್ಕೋದ ಮಹಾಪ್ರದರ್ಶನದಲ್ಲಿ ಹೊಸ ಒಂಟಿರೆಕ್ಕೆ ವಿಮಾನದ ರೆಕ್ಕೆಗಳು ಮಡಚಿ ಕೊಲ್ಲಿಯ ನೀರಿಗೆ ಬಿದ್ದ. ಪ್ರದರ್ಶನದ ಒಳಗಿದ್ದವರಿಗಿಂತ ಊರಿನ ಗುಡ್ಡಗಳ ಮೇಲೆ ನಿಂತು ನೋಡಿದವರೇ ಹೆಚ್ಚು ಎಂಬ ಅಂದಾಜಿದೆ. ಬಿದ್ದ ಹೊಡೆತಕ್ಕೆ ಸಾಯದೆ, ಪಟ್ಟಿಯಿಂದ ಬಿಡಿಸಿಕೊಳ್ಳಲಾಗದೆ ಮುಳುಗಿ ಸತ್ತನೆಂದು ಆಮೇಲೆ ತಿಳಿಯಿತು. ಪಟ್ಟಿ ಎಂದೆ. ಮೂರು ವರ್ಷ ಹಿಂದೆ, 1912ರ ಜುಲೈ 1ರಂದು, ಬಾಸ್ಟನ್ ಬಳಿ ಹ್ಯಾರಿಯೆಟ್ ಕ್ವಿಂಬಿ ಎಂಬ ಹೆಸರಾಂತ ಮಹಿಳಾ ಪೈಲಟ್ ಮತ್ತು ಅವಳ ಜೊತೆ ಕೂತ ವಿಲಿಯಂ ವಿಲ್ಲರ್ಡ್ ಇಬ್ಬರೂ ಪಟ್ಟಿ ಇಲ್ಲದೆ ಸೀಟಿನಿಂದ ಹೊರಗೆ ಎಸೆಯಲ್ಪಟ್ಟು ಸತ್ತಿದ್ದರು. ವಿಲ್ಲರ್ಡ್ ಆ ಪ್ರದರ್ಶನವನ್ನು ಏರ್ಪಡಿಸಿದವ. ಗೇಟಿನ ಲೆಕ್ಕ ನೋಡುವವನೇ ಒಮ್ಮೆ ಮೇಲೇರಿ ಕೂತ ಅಪರೂಪದ ಪ್ರಸಂಗ ಅದು.

ಎರಡನೆಯ ಆಕ್ಷೇಪಣೆ ಇದಕ್ಕಿಂತ ಗಟ್ಟಿ. ಈ ಸಾವುಗಳಿಂದಲೇ ವಿಮಾನ ವಿದ್ಯೆ ಬೆಳೆಯಿತು, ಇವರು ಬಿದ್ದು ಕಲಿಸಿದ್ದರಿಂದ ನಾವು ಇವತ್ತು ಬಜಪೆಯಲ್ಲಿ ಹತ್ತಿ ಮುಂಬಯಿಯಲ್ಲೋ ದುಬೈಯಲ್ಲೋ ಇಳಿಯುತ್ತೇವೆ ಎಂದು ಹಲವರು ಹೇಳುತ್ತಾರೆ. ಕೇಳಲು ಹಿತವಾದ ಮಾತು, ಸತ್ತವರಿಗೆ ಒಂದು ಹುತಾತ್ಮ ಪಟ್ಟ ಕೊಟ್ಟ ಸಮಾಧಾನವೂ ಉಂಟು. ಸಾಕ್ಷ್ಯ ಮಾತ್ರ ಅಷ್ಟು ಧಾರಾಳವಾಗಿಲ್ಲ. ಪ್ರದರ್ಶನದ ಹಣ ವಿಮಾನ ಕಟ್ಟುವವರ ಅಂಗಡಿಯನ್ನು ಮುಚ್ಚದಂತೆ ಕಾಪಾಡಿತು, ಒಪ್ಪುತ್ತೇನೆ. ಆದರೆ ಜ್ಞಾನ? ಗಿರಕಿಯ ವಿಷಯ ನೋಡಿ. ವಿಮಾನ ವೇಗ ಕಳೆದುಕೊಂಡು ಒಂದು ರೆಕ್ಕೆ ತಗ್ಗಿ ಬುಗುರಿಯಂತೆ ಸುತ್ತುತ್ತ ಬೀಳುವುದು ಆ ಕಾಲದ ದೊಡ್ಡ ಕೊಲೆಗಾರ. ಅದಕ್ಕೆ ಸಿಕ್ಕಿದ ಪ್ರದರ್ಶನದ ಪೈಲಟರಲ್ಲಿ ಹೆಚ್ಚಿನವರು ತಾವು ಕಂಡುಕೊಂಡದ್ದನ್ನು ಹೇಳಲು ಬದುಕಿ ಉಳಿಯುತ್ತಿರಲಿಲ್ಲ. 1912ರ ಆಗಸ್ಟ್ 25ರಂದು ಇಂಗ್ಲೆಂಡಿನಲ್ಲಿ ಸೈನ್ಯದ ವಿಮಾನ ಪರೀಕ್ಷೆಯ ಸಮಯದಲ್ಲಿ ವಿಲ್‌ಫ್ರೆಡ್ ಪಾರ್ಕ್ ಎಂಬ ನೌಕಾಪಡೆಯ ಅಧಿಕಾರಿ ಗಿರಕಿಗೆ ಸಿಕ್ಕಿ, ನೆಲಕ್ಕೆ ತೀರ ಹತ್ತಿರದಲ್ಲಿ ಚುಕ್ಕಾಣಿಯನ್ನು ಗಿರಕಿಯ ಎದುರು ದಿಕ್ಕಿಗೆ ಒತ್ತಿ ಪಾರಾದ. ಇಳಿದ ಕೂಡಲೇ ಏನೇನು ಮಾಡಿದೆ ಎಂದು ಒಂದೊಂದಾಗಿ ನೆನಪಿಸಿಕೊಂಡು ಹೇಳಿದ, ಅದು ದಾಖಲಾಯಿತು, ಇತರರಿಗೆ ಪಾಠವಾಯಿತು. ಲಾಗದ ಕಥೆಯೂ ಅಷ್ಟೇ. ಪೆಗೂಗಿಂತ ಕೆಲವೇ ದಿನ ಮುಂಚೆ ರಷ್ಯಾದ ಸೇನಾ ಪೈಲಟ್ ಪ್ಯೋತರ್ ನೆಸ್ತೆರೊವ್ ಕೀವ್ ನಗರದ ಮೇಲೆ ಲಾಗ ಹಾಕಿದ್ದ, ಅದು ಸಾಧ್ಯ ಎಂದು ಮೊದಲು ಲೆಕ್ಕ ಹಾಕಿ ಆಮೇಲೆ ಮಾಡಿದವ. ಸರಕಾರಿ ಸೊತ್ತನ್ನು ಅಪಾಯಕ್ಕೆ ಒಡ್ಡಿದ ಎಂದು ಅವನ ಮೇಲಿನವರು ಶಿಕ್ಷೆ ವಿಧಿಸಿದ್ದರು, ಪೆಗೂ ಹೆಸರು ಮಾಡಿದ ಮೇಲೆ ಬಡ್ತಿ ಕೊಟ್ಟರು! ಇಲಾಖೆಗಳ ನಡವಳಿಕೆ ಎಲ್ಲ ದೇಶದಲ್ಲೂ ಒಂದೇ. ಪೆಗೂನ ಪಾಲಿಗೆ ಒಂದು ನ್ಯಾಯ ಸಲ್ಲಿಸಬೇಕು. 1913ರ ಆಗಸ್ಟಿನಲ್ಲಿ ಅವನು ಪ್ಯಾರಾಚೂಟು ಪರೀಕ್ಷಿಸಲು ವಿಮಾನದಿಂದ ಜಿಗಿದಾಗ, ಆಳಿಲ್ಲದ ಆ ವಿಮಾನ ತನ್ನಷ್ಟಕ್ಕೆ ಮಗುಚಿ ಸುತ್ತಿದ್ದನ್ನು ಕೆಳಗೆ ತೇಲುತ್ತ ಕಂಡು, ಯಂತ್ರ ಇದನ್ನೆಲ್ಲ ತಾಳುತ್ತದೆ ಎಂದು ಊಹಿಸಿದ. ಅದು ನಿಜವಾದ ಕಲಿಕೆ. ಆದರೆ ಅಂದು ಅವನು ಮಾಡುತ್ತಿದ್ದದ್ದು ಪರೀಕ್ಷೆ, ಆಟವಲ್ಲ. ಬೇಲಿಯ ಒಳಗಿನ ಮೈದಾನ ಕಲಿಸಿದ್ದು ಕಡಿಮೆ, ಕಲಿಯುವಷ್ಟು ಹೊತ್ತು ಅದು ಯಾರಿಗೂ ಕೊಡುತ್ತಿರಲಿಲ್ಲ.

ಈ ಮಾತನ್ನು ಒರೆಗೆ ಹಚ್ಚಲು ನಮ್ಮದೇ ಸಂಸ್ಥಾನದ ಒಬ್ಬರಿದ್ದಾರೆ. ಎಸ್.ವಿ. ಶೆಟ್ಟಿ, ಪೂರ್ತಿ ಹೆಸರು ಶ್ರೀರಾಮ ವೆಂಕಟಸುಬ್ಬ ಶೆಟ್ಟಿ, 1879ರಲ್ಲಿ ಹುಟ್ಟಿದ ಮೈಸೂರಿನವರು. ಹೆಸರು ಕೇಳಿ ನಮ್ಮ ಬಂಟರವರು ಎಂದುಕೊಳ್ಳಬಾರದು. ರೂರ್ಕಿಯಲ್ಲಿ ಓದಿದ ಎಂಜಿನಿಯರ್, ಹೆಚ್ಚಿನ ಓದಿಗೆ ಇಂಗ್ಲೆಂಡಿನ ಫ್ಯಾರಡೆ ಹೌಸಿಗೆ ಹೋದವರು, ಅಲ್ಲಿಂದ ಎ.ವಿ. ರೋ ಅವರ ವಿಮಾನ ಕಾರ್ಖಾನೆಗೆ ಸೇರಿದರು. ಆಸ್ಟ್ರೇಲಿಯದ ಜಾನ್ ಡುಯಿಗನ್ನನಿಗಾಗಿ ಅಲ್ಲಿ ತಯಾರಾಗುತ್ತಿದ್ದ ವಿಮಾನದ ವಿನ್ಯಾಸದಲ್ಲಿ ಅವರ ಕೈಯಿತ್ತು. 1912ರಲ್ಲಿ ಅವರು ತಾವೇ ವಿಮಾನ ಹಾರಿಸಿದರು. ಆ ಮೇ ತಿಂಗಳಿನಲ್ಲಿ ರೋ ಶೆಟ್ಟರಿಗೆ ಬರೆದುಕೊಟ್ಟ ಪ್ರಮಾಣಪತ್ರವಿದೆ. ವಿಮಾನ ಹಾರಿಸಿದ ಮೊದಲ ಭಾರತೀಯ ಎಂದು ಅವರನ್ನು ಕರೆಯುವುದುಂಟು. ಪಾರ್ಕ್ ಗಿರಕಿಯಿಂದ ಪಾರಾದದ್ದು ಅದೇ ಕಾರ್ಖಾನೆಯ, ಅದೇ ವರ್ಷದ ವಿಮಾನದಲ್ಲಿ. ಶೆಟ್ಟರ ಹಾರಾಟಕ್ಕೆ ಬೇಲಿ ಇರಲಿಲ್ಲ, ಗೇಟು ಇರಲಿಲ್ಲ. ತಾನು ಗೆರೆ ಎಳೆದ ಯಂತ್ರ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ಒಬ್ಬ ಎಂಜಿನಿಯರ್ ಮೇಲೇರಿದ್ದು ಅದು. ಯಂತ್ರ ಟೈಕ್ ಹಾರಿಸಿದ್ದಕ್ಕಿಂತ ಬಹಳ ಗಟ್ಟಿಯಾದದ್ದೇನಲ್ಲ, ಅಪಾಯ ಇದ್ದೇ ಇತ್ತು. ನಾಳೆ ಇನ್ನೂ ತಗ್ಗಿ ಹಾರು ಎಂದು ಕೂಗುವವರು ಮಾತ್ರ ಇರಲಿಲ್ಲ. ಅವರು ಊರಿಗೆ ಮರಳಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಪಾಠ ಹೇಳಿ, 1918ರ ಇನ್‌ಫ್ಲುಯೆಂಜಾ ಮಾರಿಗೆ ತುತ್ತಾದರು. ಒಬ್ಬರ ಬದುಕಿನಿಂದ ನಿಯಮ ಕಟ್ಟಬಾರದೆಂದು ಗೊತ್ತಿದೆ. ಆದರೂ ಟೈಕನ ಭೇಟಿಯ ಮರುವರ್ಷವೇ ನಡೆದ ಈ ಹಾರಾಟ ನಮ್ಮ ನೆನಪಿನಲ್ಲಿ ಎಲ್ಲಿದೆ ನೋಡಿ. ಬೆಂಗಳೂರಿನ ಹಳೆಯ ಕಥೆ ಬರೆಯುವವರು ಟೈಕನನ್ನು ಬಿಡುವುದಿಲ್ಲ. ಶೆಟ್ಟರನ್ನು ಹುಡುಕಿ ತೆಗೆಯಬೇಕಾಯಿತು. ನೋಡಿದವರಿಲ್ಲದ ಹಾರಾಟಕ್ಕೆ ಹೇಳುವವರೂ ಇಲ್ಲ. ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ತೆರೆದದ್ದು 1940ರಲ್ಲಿ, ವಿಜ್ಞಾನ ಸಂಸ್ಥೆಯಲ್ಲಿ ವಿಮಾನ ವಿಭಾಗ ಬಂದದ್ದು 1942ರಲ್ಲಿ. ಟೈಕನ ಆಟದಿಂದ ಅಲ್ಲಿಗೆ ಮೂವತ್ತು ವರ್ಷದ ಖಾಲಿ ಜಾಗ. ಆಟವೇ ವಿದ್ಯೆಯನ್ನು ಬಿತ್ತುವುದಾದರೆ ಮೊಳಕೆಗೆ ಇಷ್ಟು ತಡವಾಗಬಾರದಿತ್ತು.

ಹಾಗಾದರೆ ತಪ್ಪೆಲ್ಲ ನೋಡಿದವರದ್ದೇ? ಮೂರನೆಯ ಆಕ್ಷೇಪಣೆ ಇದು, ಇದರ ಮುಂದೆ ನನ್ನ ವಾದ ಸ್ವಲ್ಪ ಬಾಗಬೇಕಾಗುತ್ತದೆ. 1911ರಲ್ಲಿ ಬೆಂಗಳೂರಿನ ಮೈದಾನಕ್ಕೆ ಬಂದವರು ಯಾರ ಸಾವನ್ನೂ ಬಯಸಿ ಬಂದವರಲ್ಲ. ಮನುಷ್ಯ ಕೂತ ಯಂತ್ರ ನೆಲ ಬಿಟ್ಟು ಏಳುವುದೇ ಅವರಿಗೆ ಸಾಕಿತ್ತು. ಬಿಟ್ಟು ಎದ್ದರೆ ಆಯಿತು, ಕೊಟ್ಟ ದುಡ್ಡು ಸಂದಿತು. ಸಾಕಾಗದೆ ಹೋಗುವುದು ಎರಡನೆಯ ವರ್ಷ, ಮೂರನೆಯ ವರ್ಷ. ಬೆರಗು ಹಳಸಿದಂತೆ ಅದರ ಜಾಗಕ್ಕೆ ಭಯವನ್ನು ತರಬೇಕಾಗುತ್ತದೆ. ಇದನ್ನು ತಿಳಿಯಲು ನಮ್ಮ ಜನ ಅಮೆರಿಕದವರೆಗೆ ಹೋಗಬೇಕಿಲ್ಲ. ತೆಂಕಿನ ಆಟದಲ್ಲಿ ಪುಂಡುವೇಷದವನು ಹಾಕುವ ದಿಗಿಣಗಳನ್ನು ನೋಡಿ. ಕಥೆಯ ಆವೇಶಕ್ಕೆ ಬೇಕಾದಷ್ಟು ಸುತ್ತು ಹಾಕಿದರೆ ಅದು ಕಲೆ. ಎಷ್ಟು ಹಾಕಿದ ಎಂದು ಸಭೆ ಎಣಿಸಲು ತೊಡಗಿದ ದಿನದಿಂದ ಅದು ಮೊಣಕಾಲಿನ ಲೆಕ್ಕ. ನೂರಕ್ಕೆ ಚಪ್ಪಾಳೆ ಸಿಕ್ಕಿದರೆ ಮುಂದಿನ ಆಟಕ್ಕೆ ನೂರಹತ್ತು ಬೇಕು. ಎಣಿಸುವವನು ದುಷ್ಟನಲ್ಲ, ಅವನಿಗೆ ಆ ಹುಡುಗನ ಮೇಲೆ ಪ್ರೀತಿಯೇ ಇದೆ, ಹಾಗಾಗಿಯೇ ಇನ್ನೊಂದು ಹಾಕು ಎನ್ನುತ್ತಾನೆ. ಜಾತ್ರೆಯ ಮರಣ ಬಾವಿಯಲ್ಲಿ ಬೈಕಿನ ಹಿಡಿ ಬಿಟ್ಟು ಸುತ್ತುವವನಿಗೆ ಮೇಲಿಂದ ನೋಟು ಚಾಚುವ ಕೈಯೂ 'ಬೀಳು' ಎಂದು ಹೇಳುತ್ತಿರುವುದಿಲ್ಲ. ಯಾರೂ ಕೆಟ್ಟದ್ದನ್ನು ಬಯಸದೆ ಕೆಟ್ಟದ್ದು ನಡೆಯುವ ಏರ್ಪಾಟು ಇದು. ಆದ್ದರಿಂದ ಬೀಚಿಯ ದೂರನ್ನು ನಾನು ಪೂರ್ತಿ ಒಪ್ಪಲಾರೆ. ಜನ ಬಂದದ್ದು ಅವನು ಸಾಯುವುದನ್ನು ನೋಡಲು ಅಲ್ಲ, ಸಾಯಬಹುದಾದವನು ಸಾಯದೆ ಇಳಿಯುವುದನ್ನು ನೋಡಲು. ಅಪಾಯ ನಿಜವಾಗದೆ ಆ ಪಾರಾಗುವಿಕೆಗೆ ಬೆಲೆ ಇಲ್ಲ ಎಂಬುದರಲ್ಲಿ ಅವನ ದೂರಿಗೆ ಇರುವ ಸತ್ಯವೆಲ್ಲ ಇದೆ.

ಪೈಲಟನ ಕಡೆಯಿಂದ ಗೇಟನ್ನು ತಿರುಗಿಸಿ ಹಿಡಿದ ಒಬ್ಬಳ ಉದಾಹರಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಬೆಸಿ ಕೋಲ್ಮನ್, ಅಮೆರಿಕದ ಕಪ್ಪು ಜನಾಂಗದ ಬಡ ಕುಟುಂಬದವಳು. ತನ್ನ ದೇಶದ ಯಾವ ವಿಮಾನ ಶಾಲೆಯೂ ಸೇರಿಸಿಕೊಳ್ಳದೆ ಹೋದಾಗ ಫ್ರೆಂಚ್ ಕಲಿತು, ಫ್ರಾನ್ಸಿಗೆ ಹೋಗಿ, 1921ರ ಜೂನ್ 15ರಂದು ಪರವಾನಗಿ ಪಡೆದಳು. ಮರಳಿ ಬಂದು ಬದುಕಿಗೆ ಆರಿಸಿಕೊಂಡದ್ದು ಪ್ರದರ್ಶನದ ಹಾರಾಟವನ್ನೇ, ಬೇರೆ ದಾರಿ ಯಾವುದೂ ತೆರೆದಿರಲಿಲ್ಲ. ಟೆಕ್ಸಾಸಿನಲ್ಲಿ ತಾನು ಬೆಳೆದ ವ್ಯಾಕ್ಸಹಾಚಿ ಊರಿನ ಪ್ರದರ್ಶನಕ್ಕೆ ಬಿಳಿಯರಿಗೊಂದು ಕರಿಯರಿಗೊಂದು ಗೇಟು ಇಡುತ್ತಾರೆಂದು ತಿಳಿದಾಗ, ಒಂದೇ ಗೇಟಿನಿಂದ ಎಲ್ಲರನ್ನೂ ಬಿಡದಿದ್ದರೆ ಹಾರುವುದಿಲ್ಲ ಎಂದಳು. ಏರ್ಪಡಿಸಿದವರು ಒಪ್ಪಿದರು. ಒಳಗೆ ಕೂರುವ ಜಾಗ ಬೇರೆಬೇರೆಯಾಗಿಯೇ ಉಳಿಯಿತು, ಗೇಟು ಒಂದಾಯಿತು. ಹಾರದೆ ಇರುವುದರಲ್ಲಿ ಒಂದು ಶಕ್ತಿಯಿದೆ ಎಂದು ಆ ಮೈದಾನಗಳಲ್ಲಿ ಅರಿತವರು ಕಡಿಮೆ. ಜಾನ್‌ಸ್ಟನ್‌ಗೆ ಗಾಳಿಯ ದಿನ ಆ ಮಾತು ಹೇಳಲು ಆಗಲಿಲ್ಲ. ಅವಳು ಹೇಳಿದಳು, ಹೇಳಿದ್ದು ತನ್ನ ಜೀವದ ವಿಷಯಕ್ಕೂ ಅಲ್ಲ. 1926ರ ಏಪ್ರಿಲ್ 30ರಂದು, ಮರುದಿನದ ಪ್ರದರ್ಶನಕ್ಕೆ ಜಾಗ ನೋಡಿಕೊಳ್ಳಲು ಮೆಕ್ಯಾನಿಕ್ ಓಡಿಸುತ್ತಿದ್ದ ಹಳೆಯ ವಿಮಾನದಲ್ಲಿ ಕೂತು ಹೋದಾಗ, ಬಗ್ಗಿ ನೋಡಲು ಅನುಕೂಲವಾಗಲೆಂದು ಪಟ್ಟಿ ಕಟ್ಟಿಕೊಂಡಿರಲಿಲ್ಲ. ಸಡಿಲವಾಗಿ ಬಿದ್ದಿದ್ದ ಒಂದು ಪಾನಾ ನಿಯಂತ್ರಣದ ಸಂದಿಗೆ ಸಿಕ್ಕಿಕೊಂಡು ವಿಮಾನ ಮಗುಚಿತು, ಅವಳು ಹೊರಗೆ ಬಿದ್ದಳು.

ಈಗಿನ ಪ್ರದರ್ಶನದ ಪೈಲಟನಿಗೆ ಗೇಟಿನ ಹಣದಲ್ಲಿ ಪಾಲಿಲ್ಲ. 1996ರಲ್ಲಿ ಬೀದರಿನಲ್ಲಿ ಕಟ್ಟಿದ ವಾಯುಪಡೆಯ ಸೂರ್ಯಕಿರಣ ತಂಡದವರು ತಿಂಗಳ ಸಂಬಳದವರು, ಅವರು ಮೊದಲು ಹಾರಿಸಿದ ಕಿರಣ್ ವಿಮಾನ ಬೆಂಗಳೂರಿನ ಕಾರ್ಖಾನೆಯದ್ದೇ. ಬೇಲಿಯೂ ಜಾಗ ಬದಲಾಯಿಸಿದೆ. 1952ರಲ್ಲಿ ಇಂಗ್ಲೆಂಡಿನ ಫಾರ್ನ್‌ಬರೋದಲ್ಲಿ ಮುರಿದ ವಿಮಾನದ ತುಂಡುಗಳು ಜನರ ಮೇಲೆ ಬಿದ್ದು 29 ಪ್ರೇಕ್ಷಕರು, 1988ರಲ್ಲಿ ಜರ್ಮನಿಯ ರಾಮ್‌ಸ್ಟೈನಿನಲ್ಲಿ ಒಟ್ಟು 70 ಮಂದಿ ಸತ್ತ ಮೇಲೆ, ನೋಡುವವರಿಗೂ ಹಾರುವ ಗೆರೆಗೂ ನಡುವೆ ದೂರ ಇಡಬೇಕು, ಜನರ ಕಡೆಗೆ ಮುಖ ಮಾಡಿ ಕಸರತ್ತು ಮಾಡಬಾರದು ಎಂಬ ನಿಯಮಗಳು ಬಿಗಿಯಾದವು. ಹತ್ತಿರದಿಂದ ನೋಡುವ ಹಕ್ಕು ಎಂಬ ಹಳೆಯ ಸರಕು ಹೀಗೆ ಅಂಗಡಿಯಿಂದಲೇ ಹೋಯಿತು. ಇಷ್ಟಾದರೂ ಬೀದರಿನಲ್ಲಿ 2006ರ ಮಾರ್ಚಿನಲ್ಲಿ ಇಬ್ಬರು, 2009ರ ಜನವರಿಯಲ್ಲಿ ಒಬ್ಬರು ತಂಡದ ಪೈಲಟರು ಅಭ್ಯಾಸದ ಹಾರಾಟದಲ್ಲಿ ಸತ್ತರು. 2019ರ ಫೆಬ್ರವರಿ 19ರಂದು ಯಲಹಂಕದಲ್ಲಿ ಅದೇ ತಂಡದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ನನ್ನ ವಾದಕ್ಕೆ ಇದು ಎದುರು ಸಾಕ್ಷಿ ಎಂದು ಯಾರಾದರೂ ಹೇಳಬಹುದು: ದಿನಗೂಲಿ ಇಲ್ಲ, ಟಿಕೆಟ್ಟು ಕೊಂಡವರು ಇನ್ನೂ ಒಳಗೆ ಬಂದಿಲ್ಲ, ಆದರೂ ಸಾವು ಬಂತು. ಬೇಲಿಯೊಂದೇ ಎಲ್ಲವನ್ನೂ ವಿವರಿಸುವುದಿಲ್ಲ ಎಂದು ಒಪ್ಪುತ್ತೇನೆ. ಜೊತೆಗೆ ಒಂದು ಮಾತನ್ನು ಗಮನಿಸಲೂ ಕೇಳುತ್ತೇನೆ. ಈ ಸಾವುಗಳೆಲ್ಲ ಅಭ್ಯಾಸದ ಹೊತ್ತಿನವು, ಯಲಹಂಕದ್ದಂತೂ ಏರೋ ಇಂಡಿಯಾ ಎಂಬ ವಿಮಾನ ಮೇಳ ತೆರೆಯುವ ಹಿಂದಿನ ದಿನದ್ದು. ಎರಡು ರೆಕ್ಕೆಗಳು ಅಷ್ಟು ಹತ್ತಿರ ಹಾರುವುದನ್ನು ಅಭ್ಯಾಸ ಮಾಡಬೇಕಾದದ್ದು ನಾಳೆ ಅಲ್ಲಿ ಕೂರಲಿರುವವರಿಗಾಗಿ. ಫೆಬ್ರವರಿ 20ರ ಬೆಳಿಗ್ಗೆ ಗೇಟು ತೆರೆಯಿತು. ಪಾಸು ಟಿಕೆಟ್ಟು ಇದ್ದವರು ಒಳಗೆ ಹೋದರು, ಇಲ್ಲದವರು ಬಳ್ಳಾರಿ ರಸ್ತೆಯ ಬದಿಗೆ ಬೈಕು ನಿಲ್ಲಿಸಿ ಕತ್ತೆತ್ತಿದರು.